ಬಾಗವಾನ ಮೇಡಂ ಅವರ ಉಂಡಿ

ಬಾಗವಾನ ಮೇಡಂ ಯಾರ ಪ್ರಬಂಧವನ್ನು ಕೈಗೆತ್ತಿಕೊಂಡರೂ ಮೊದಲು ಮಾಡುತ್ತಿದ್ದ ಕೆಲಸ ಅದರ ಶೀರ್ಷಿಕೆಯ ಮೇಲೆ ಅಂಗೈ ಇಟ್ಟು ಮುಚ್ಚುವುದು. ಆಮೇಲೆ ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, “ಹೂಂ, ಈಗ ಹೇಳ. ನಿನ್ನ ಪ್ರಶ್ನೆ ಏನೈತಿ?” ಎನ್ನುತ್ತಿದ್ದರು. ನಾವು ಶೀರ್ಷಿಕೆಯನ್ನೇ ಗಿಳಿಪಾಠದಂತೆ ಒಪ್ಪಿಸಿದರೆ, “ಅದು ಹೆಸರಾತು. ನಾ ಹೆಸರ ಕೇಳಲಿಲ್ಲ. ನಿಮ್ಮವ್ವಗ ತಿಳಿಯೂ ಹಂಗ ಪ್ರಶ್ನೆ ಕೇಳ ನೋಡೂಣು,” ಎಂದು ಕೈಯನ್ನು ಅಲ್ಲಾಡಿಸದೆ ಕೂರುತ್ತಿದ್ದರು. ಅವ್ವನಿಗೆ ತಿಳಿಯುವ ಹಾಗೆ ಕೇಳಲು ಹೊರಟಾಗಲೇ ನಮ್ಮಲ್ಲಿ ಮುಕ್ಕಾಲು ಜನಕ್ಕೆ ತಮ್ಮ ಬಳಿ ಪ್ರಶ್ನೆಯೇ ಇಲ್ಲವೆಂಬುದು ಗೊತ್ತಾಗುತ್ತಿತ್ತು.

ಬೆಳಗಾವಿಯ ವೈದ್ಯಕೀಯ ಕಾಲೇಜೊಂದರಲ್ಲಿ ಅವರು ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕಿ. ಪೂರ್ತಿ ಹೆಸರು ಶಮೀಮ್ ಬಾಗವಾನ. ನಾನು ಅಲ್ಲಿ ಎಂ.ಡಿ. ಓದಲು ಸೇರಿದಾಗ ಅವರ ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಕುಳ್ಳಗಿನ ಮೈಕಟ್ಟು, ಇಸ್ತ್ರಿ ಮುರಿಯದ ಕಾಟನ್ ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಹಳ್ಳಿ ತಿರುಗುವವರಿಗೆ ಚಪ್ಪಲಿಯಿಂದ ಉಪಯೋಗವಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಮನೆಯಲ್ಲಿ ದಖನಿ ಉರ್ದು, ಪೇಟೆಯಲ್ಲಿ ಮರಾಠಿ, ನಮ್ಮೊಂದಿಗೆ ಅಪ್ಪಟ ಬೆಳಗಾವಿ ಕನ್ನಡ. ಸಿಟ್ಟು ಬಂದಾಗ ಮಾತ್ರ ‘ಬೇಟಾ’ ಎನ್ನುತ್ತಿದ್ದರು. ಆ ಪದ ಕಿವಿಗೆ ಬಿದ್ದೊಡನೆ ನಾವು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಳ್ಳುತ್ತಿದ್ದೆವು.

ಎಂ.ಡಿ.ಯಲ್ಲಿ ಪ್ರತಿಯೊಬ್ಬರೂ ಒಂದು ಸಂಶೋಧನೆ ಮಾಡಿ ಪ್ರಬಂಧ ಬರೆಯಲೇಬೇಕು. ಯಾವ ಪ್ರಶ್ನೆಗೆ ಯಾವ ಬಗೆಯ ಅಧ್ಯಯನ ಹೊಂದುತ್ತದೆ, ಯಾರನ್ನು ಯಾರೊಂದಿಗೆ ಹೋಲಿಸಬೇಕು, ಮುಂದಕ್ಕೆ ನೋಡಬೇಕೋ ಹಿಂದಕ್ಕೆ ನೋಡಬೇಕೋ ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು. ಇದನ್ನೆಲ್ಲ ಸೇರಿಸಿ ನಾವು ‘ಸ್ಟಡಿ ಡಿಸೈನ್’ ಎನ್ನುತ್ತಿದ್ದೆವು. ಅಧ್ಯಯನಕ್ಕೆ ನಮ್ಮ ಕಡೆಯ ಬಾಯಿಮಾತಿನಲ್ಲಿ ‘ಅಭ್ಯಾಸ’ ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಬಹಳ ಜನ ಡಿಸೈನನ್ನು ಮೊದಲು ಆರಿಸಿ ಪ್ರಶ್ನೆಯನ್ನು ಆಮೇಲೆ ಹುಡುಕುತ್ತಿದ್ದರು. ಬೇಗ ಮುಗಿಯುವ ಡಿಸೈನ್ ಯಾವುದೆಂಬ ಜ್ಞಾನ ಹಾಸ್ಟೆಲಿನಲ್ಲಿ ಹಿರಿಯರಿಂದ ಕಿರಿಯರಿಗೆ ತಾನಾಗಿ ದಾಟಿ ಬರುತ್ತಿತ್ತು.

ಮೇಡಂ ಅವರ ಮುಂದೆ ಈ ಜ್ಞಾನ ನಡೆಯುತ್ತಿರಲಿಲ್ಲ. ನನ್ನ ಸಹಪಾಠಿಯೊಬ್ಬ ಆಸ್ಪತ್ರೆಗೆ ದಾಖಲಾದವರ ಕಡತ ನೋಡಿ ಇಡೀ ಜಿಲ್ಲೆಯ ರಕ್ತದೊತ್ತಡದ ಬಗ್ಗೆ ಬರೆಯಲು ಹೊರಟಿದ್ದ. ಮೇಡಂ ಅವನಿಗೆ ಕುರ್ಚಿ ತೋರಿಸಿ, “ನಮ್ಮ ಅಬ್ಬಾ ಹಣ್ಣಿನ ವ್ಯಾಪಾರ ಮಾಡತಿದ್ರ. ಮಾವಿನ ಬುಟ್ಟಿ ತುಂಬೂಮುಂದ ಚಲೋ ಹಣ್ಣ ಮ್ಯಾಲ ಇಡತಿದ್ರ. ಗಿರಾಕಿ ಮ್ಯಾಲಿನ ಹಣ್ಣ ನೋಡಿ ಬುಟ್ಟಿ ಒಯ್ಯಾಂವ. ದವಾಖಾನಿಗೆ ಬರೋ ಮಂದಿ ಬುಟ್ಟಿ ಮ್ಯಾಲಿನ ಹಣ್ಣ ತಮ್ಮಾ. ಬರೀ ಚಲೋವ ಅಂತಲ್ಲ, ಬ್ಯಾರೇನ ಇರತಾವ. ನೀ ಕೆಳಗ ಕೈ ಹಾಕೀಯೇನ?” ಎಂದರು. ಅವನು ಕೈ ಹಾಕಿರಲಿಲ್ಲ. ಇನ್ನೊಬ್ಬ ಬಹಳ ಅಪರೂಪದ ರಕ್ತದ ಕಾಯಿಲೆ ಯಾಕೆ ಬರುತ್ತದೆಂದು ತಿಳಿಯಲು ಆರೋಗ್ಯವಂತರ ಒಂದು ದೊಡ್ಡ ಗುಂಪನ್ನು ಬೆನ್ನುಹತ್ತುವ ಯೋಜನೆ ತಂದಿದ್ದ. “ಯಾರಿಗಾರ ಬರೂತನಕಾ ಕಾದ್ರ ಪ್ರಬಂಧ ನಿನ್ನ ಮೊಮ್ಮಕ್ಕಳ ಕೊಡತಾರ. ಬಂದವ್ರ ಮನೀಗೆ ಮೊದಲ ಹೋಗು. ಅವರ ಬಾಜೂ ಮನ್ಯಾಗ ಆರಾಮ ಇರೋವ್ರನ್ನೂ ಮಾತಾಡ್ಸು. ಇಬ್ಬರದೂ ಹಿಂದಿನ ದಿನಾ ಕೇಳಕೋತ ಬಾ,” ಎಂದು ಅವನನ್ನು ಒಂದೇ ಮಾತಿನಲ್ಲಿ ದಡ ಸೇರಿಸಿದರು.

ಯಾರಾದರೂ ‘ಇದನ್ನು ಸಾಬೀತು ಮಾಡುತ್ತೇನೆ’ ಎಂದು ಬಾಯಿ ತಪ್ಪಿ ಹೇಳಿದರೆ ಅಲ್ಲಿಗೆ ಆ ದಿನದ ಚರ್ಚೆ ಮುಗಿಯಿತು. “ಹೋಗಿ ಒಂದ ಚಾ ಕುಡದ ಬಾ. ಬಂದಮ್ಯಾಲೆ ‘ನೋಡತೇನಿ’ ಅನ್ನು, ಮಾತಾಡೂಣು.” ನಮ್ಮ ಕ್ಯಾಂಟೀನಿನವನಿಗೆ ಮೇಡಂ ಅವರಿಂದ ಒಳ್ಳೆಯ ವ್ಯಾಪಾರವಿತ್ತು. ನಾನೇ ಎರಡು ಸಲ ಹೋಗಿ ಕುಡಿದಿದ್ದೇನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಎರಡನೆಯ ಸಲ ವಾಪಸು ಬಾರದೆ ನೇರ ಹಿಂದವಾಡಿಯ ನಮ್ಮ ಮನೆಗೆ ಹೋಗಿಬಿಟ್ಟಿದ್ದೆ. ಮರುದಿನ ಮೇಡಂ ಏನೂ ಆಗದವರಂತೆ, “ಚಾ ಬಾಳ ಬಿಸಿ ಇತ್ತೇನ?” ಎಂದರು.

ಇಂಥ ಮೇಡಂಗೂ ಒಂದು ಮೋಹವಿತ್ತು. ಅದು ಅವರ ಉಂಡಿ.

ನಾಚಣಿ ಅಂದರೆ ರಾಗಿಯ ಹಿಟ್ಟು, ಹುರಿದ ಶೇಂಗಾ, ಖಜೂರ, ಬೆಲ್ಲ, ಮೇಲೆ ಒಂದಿಷ್ಟು ತುಪ್ಪ. ಈ ಉಂಡಿಯನ್ನು ಅವರ ತಾಯಿ ಕಟ್ಟುತ್ತಿದ್ದರಂತೆ. ತಾಯಿಯ ತವರು ಖಾನಾಪುರದ ಆಚೆ, ಕಾಡಿನ ಅಂಚಿನ ಒಂದು ಹಳ್ಳಿ. ಅಲ್ಲಿ ಯಾವ ಜಾತಿಯ ಯಾವ ಹೆಣ್ಣುಮಗಳು ಬಸುರಿಯಾದರೂ ಈ ತಾಯಿ ಒಂದು ಡಬ್ಬಿ ಉಂಡಿ ಒಯ್ದು ಕೊಡುತ್ತಿದ್ದರು, ಅದನ್ನು ತಿಂದವರ ಮುಖಕ್ಕೆ ಕೆಂಪು ಏರುತ್ತಿತ್ತು ಎಂದು ಮೇಡಂ ನಂಬಿದ್ದರು. ಖಾನಾಪುರ ತಾಲೂಕಿನ ಬಸುರಿಯರಲ್ಲಿ ರಕ್ತ ಕಡಿಮೆ ಇರುವುದು ಅವರನ್ನು ವರ್ಷಗಳಿಂದ ಕಾಡುತ್ತಿದ್ದ ಸಂಗತಿ. ಸರ್ಕಾರದ ಕಬ್ಬಿಣದ ಗುಳಿಗೆ ಇದ್ದೇ ಇದೆ, ಅದರ ಜೊತೆ ಈ ಉಂಡಿಯೂ ಸಿಕ್ಕರೆ ರಕ್ತ ಇನ್ನಷ್ಟು ಏರುತ್ತದೆ ಎಂಬುದು ಅವರ ಅನಿಸಿಕೆ. ವಿಭಾಗದ ಅವರ ಕೋಣೆಯಲ್ಲಿ ಒಂದು ಸ್ಟೀಲ್ ಡಬ್ಬಿ ಯಾವಾಗಲೂ ತುಂಬಿರುತ್ತಿತ್ತು. ಮುಖ ಬಿಳಿಚಿದ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ಕರೆದು ಕೈಗೆ ಉಂಡಿ ಇಡುತ್ತಿದ್ದರು.

ಈ ಉಂಡಿಯ ಸುದ್ದಿ ಉದ್ಯಮಬಾಗದ ಒಬ್ಬ ಫೌಂಡ್ರಿ ಮಾಲೀಕರಿಗೆ ತಲುಪಿತು. ಒಳ್ಳೆಯ ಮನುಷ್ಯ, ದಾನಧರ್ಮದ ಕೈ, ಸ್ವಲ್ಪ ಹೆಸರಿನ ಆಸೆ. ಅವರು ಒಂದು ದಿನ ವಿಭಾಗಕ್ಕೇ ಬಂದು, ಉಂಡಿಯಿಂದ ಉಪಯೋಗವಿದೆ ಎಂದು ಮೇಡಂ ತೋರಿಸಿಕೊಟ್ಟರೆ ಇಡೀ ಖಾನಾಪುರ ತಾಲೂಕಿನ ಬಸುರಿಯರಿಗೆ ವರ್ಷವಿಡೀ ಹಂಚುವ ಜವಾಬ್ದಾರಿ ತಮ್ಮದು ಎಂದರು.

“ಭಾಳ ದೊಡ್ಡ ಅಭ್ಯಾಸ ಏನ ಬ್ಯಾಡ್ರಿ ಮೇಡಂ. ತಿನ್ನೂಕಿಂತ ಮೊದಲ ಒಂದ ಸಲ ರಕ್ತ ನೋಡ್ರಿ, ತಿಂದಮ್ಯಾಲೆ ಒಂದ ಸಲ ನೋಡ್ರಿ. ಏರಿದ್ದ ಒಂದ ಗ್ರಾಫ್ ಕೊಡ್ರಿ, ಸಾಕು.”

ಮೇಡಂ ನಕ್ಕುಬಿಟ್ಟರು. “ಏರಿದ್ದ ತೋರ್ಸೂದೇನ ಕಠಿಣ ಅಲ್ರಿ ಸಾಹೇಬ್ರ. ಬಸುರಿ ಹೆಂಗಸರ ರಕ್ತ ನಡುವಿನ ತಿಂಗಳದಾಗ ಇಳೀತೈತಿ, ಕಡೀಕ ತಾನ ಏರತೈತಿ. ಮ್ಯಾಲ ಗುಳಿಗಿ ಬ್ಯಾರೆ ನುಂಗಿರತಾರ. ಉಂಡಿ ಬದಲಿ ನಿಮ್ಮ ಫೋಟೋ ಕೊಟ್ರೂ ಗ್ರಾಫ್ ಏರತೈತಿ.”

ಸಾಹೇಬರು ನಗಬೇಕೋ ಬೇಡವೋ ತಿಳಿಯದೆ ಚಹಾ ಕುಡಿದು ಎದ್ದರು. ಅವರು ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. ನನಗೆ ಆಗಿನ್ನೂ ಪ್ರಬಂಧದ ವಿಷಯ ಸಿಕ್ಕಿರಲಿಲ್ಲ.

“ಗೀತಾ, ನನ್ನ ಉಂಡಿ ಮ್ಯಾಲ ನೀ ಅಭ್ಯಾಸ ಮಾಡತಿಯೇನ? ಒಂದ ಕರಾರ ಐತಿ. ಉಂಡಿ ಉಪಯೋಗಿಲ್ಲ ಅಂದ್ರ ಅದು ನಮ್ಮ ಕಣ್ಣಿಗೆ ಕಾಣಬೇಕು, ಹಂಗ ಡಿಸೈನ್ ಮಾಡಬೇಕು. ನನ್ನ ಸೋಲಸಾಕ ಬರಲಾರದ ಅಭ್ಯಾಸ ನನಗ ಬ್ಯಾಡ.”

ನಾನು ಒಪ್ಪಿಕೊಂಡೆ. ಮೇಡಂ ಸೋಲುತ್ತಾರೆ ಎಂದು ನಾನಾಗಲಿ, ಅವರಾಗಲಿ ಒಂದು ಕ್ಷಣವೂ ಅಂದುಕೊಂಡಿರಲಿಲ್ಲ. ಅವರಿಗೆ ಉಂಡಿಯ ಮೇಲೆ ಭರವಸೆ, ನನಗೆ ಅವರ ಮೇಲೆ.

ಮೊದಲು ನಾನು ಹೇಳಿದ್ದು, ಉಂಡಿ ಒಯ್ಯಲು ಆರೋಗ್ಯ ಕೇಂದ್ರಕ್ಕೆ ಬರುವವರನ್ನು ಬಾರದವರೊಂದಿಗೆ ಹೋಲಿಸೋಣ ಎಂದು. ಮೇಡಂ ತಲೆ ಅಲ್ಲಾಡಿಸಿದರು. “ಉಂಡಿ ಸಲುವಾಗಿ ಕೇಂದ್ರದ ತನಕ ನಡಕೊಂಡ ಬರಾಕಿಗೆ ನಡಿಯೂ ಶಕ್ತಿ ಐತಿ, ಕಳಸೂ ಅತ್ತಿ ಅದಾಳ. ಆಕಿ ಮೊದಲ ಗಟ್ಟಿ. ಮನ್ಯಾಗ ಬಿದ್ದಾಕಿ ಜೋಡಿ ಹೆಂಗ ತೂಗತಿ?” ಸರಿ, ಹಾಗಾದರೆ ಚೀಟಿ ಎತ್ತೋಣ, ಯಾರಿಗೆ ಉಂಡಿ ಯಾರಿಗಿಲ್ಲ ಎಂಬುದನ್ನು ನಾವೂ ಆರಿಸುವುದು ಬೇಡ, ಅವರೂ ಆರಿಸುವುದು ಬೇಡ ಎಂದೆ. ಈ ಸಲ ಮೇಡಂ ಖುಷಿಯಾದರು. ಹಳ್ಳಿಯ ಬಸುರಿಯರ ಹೆಸರಿನ ಮೇಲೆ ಒಂದೊಂದು ಚೀಟಿ, ಕೆಲವರಿಗೆ ಗುಳಿಗೆಯ ಜೊತೆ ಉಂಡಿ, ಉಳಿದವರಿಗೆ ಬರೀ ಗುಳಿಗೆ. ಕಾಲೇಜಿನ ನೀತಿ ಸಮಿತಿಯೂ ಒಪ್ಪಿತು. ಶುರು ಮಾಡುವ ಮೊದಲು ಒಂದೇ ಹಳ್ಳಿಯಲ್ಲಿ ಪರೀಕ್ಷೆಗೆಂದು ನಡೆಸಿ ನೋಡಿದೆವು.

ವಾರದ ಮೇಲೆ ಮೇಡಂ ಮತ್ತು ನಾನು ಹೋಗಿ ನೋಡಿದರೆ ಎಲ್ಲರ ಡಬ್ಬಿ ಖಾಲಿ. ತಿಂಗಳಿಗೆಂದು ಕೊಟ್ಟ ಉಂಡಿ. ಪಾರ್ವತಿ ಎಂಬ ಏಳು ತಿಂಗಳ ಬಸುರಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಪಕ್ಕದಲ್ಲಿ ಅವಳ ನೆರೆಮನೆಯ ಲಕ್ಷ್ಮಿ, ಅವಳೂ ಬಸುರಿ. ಲಕ್ಷ್ಮಿಗೆ ಚೀಟಿಯಲ್ಲಿ ಬರೀ ಗುಳಿಗೆ ಬಂದಿತ್ತು.

“ಎಲ್ಲಾ ಉಂಡಿ ನೀವ ಒಬ್ಬರ ತಿಂದ್ರೇನ್ರಿ?” ಎಂದೆ.

“ಒಬ್ಬಾಕಿ ಹೆಂಗ ತಿನ್ನಲಿರಿ? ಲಕ್ಷ್ಮೀನೂ ಬಸುರಿ ಅದಾಳಲ್ರಿ. ಬಸುರಿ ಹೆಂಗಸ ನೋಡಕೋತ ಕುಂತಾಗ ಆಕೀನ ಬಿಟ್ಟ ತಿಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ.”

“ಕೊಡಬಾರದು ಅಂತ ನಾವು ಹೇಳಿದ್ವಿ ಅಲ್ರಿ?”

“ನೀವು ನನಗ ಹೇಳೀರಿ. ಕಿವಿ ಸೋರೂದು ಆಕೀ ಕೂಸಿಂದು,” ಎಂದು ಪಾರ್ವತಿ ಅಕ್ಕಿಯ ಕಡೆ ಮುಖ ತಿರುಗಿಸಿದಳು.

ಇಡೀ ಊರಿನಲ್ಲಿ ಇದೇ ಕಥೆ. ಉಂಡಿ ಬಂದವರು ಬಾರದವರನ್ನು ಹುಡುಕಿಕೊಂಡು ಹೋಗಿ ತಿನ್ನಿಸಿದ್ದರು. ಬಯಕೆ ತೀರದ ಬಸುರಿಯ ಕೂಸಿಗೆ ಕಿವಿ ಸೋರುತ್ತದೆ ಎಂಬ ನಂಬಿಕೆಯ ಮುಂದೆ ನಮ್ಮ ಚೀಟಿಗೆ ಏನು ಬೆಲೆ? ಹೀಗೆಯೇ ಮುಂದುವರಿದಿದ್ದರೆ ಎರಡೂ ಗುಂಪು ಉಂಡಿ ತಿಂದು, ಎರಡರ ರಕ್ತವೂ ಒಂದೇ ಸಮ ಏರಿ, ಉಂಡಿಗೆ ಗುಣವಿದ್ದರೂ ಇಲ್ಲವೆಂದು ನಾವು ಬರೆಯುತ್ತಿದ್ದೆವು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಡಂ ಮಾತ್ರ ಅದೇ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಈ ಕಡೆ ಹೆಣ್ಣಮಗಳ ಮಗಳು ನಾನು! ನಾ ಬಸುರಿದ್ದಾಗ ಬಾಜೂ ಮನೀ ಹೋಳಗಿ ವಾಸನಿ ಬಂತಂತ ಅವರ ತಾಟಿನಾಗಿಂದ ತಿಂದಾಕಿ. ನನಗರ ನೆನಪಾಗಬಾರದ?”

“ಮೇಡಂ, ದಿನಾ ಆಶಾ ಕಾರ್ಯಕರ್ತೆ ಹೋಗಿ ಮುಂದ ಕುಂತ ತಿನ್ನಸ್ಲಿ. ಬಾಗಲಾ ಹಾಕ್ಕೊಂಡ ತಿನ್ರಿ ಅಂತ ಹೇಳೂಣು,” ಎಂದೆ ನಾನು.

ನಗು ನಿಂತಿತು. “ಬೇಟಾ, ಮಂದೀನ ಬದಲಸಬ್ಯಾಡ, ಡಿಸೈನ್ ಬದಲಸು. ಕೊಟ್ಟ ತಿನ್ನೂದು ಇವರ ಪದ್ಧತಿ. ಅದು ನಮ್ಮ ಅಭ್ಯಾಸಕ್ಕ ಅಡ್ಡ ಬಂತಂದ್ರ ತಪ್ಪ ಅಭ್ಯಾಸದ್ದು. ಊರಾಗ ಕೊಟ್ಟ ತಿಂತಾರೇನ? ತಿನ್ನಲಿ. ಇಡೀ ಊರಿಗೇ ಉಂಡಿ ಕೊಡೂಣು, ಇನ್ನೊಂದ ಇಡೀ ಊರಿಗೆ ಇಲ್ಲ. ಚೀಟಿ ಹೆಣ್ಣಮಕ್ಕಳ ಹೆಸರಲೆ ಬ್ಯಾಡ, ಊರ ಹೆಸರಲೆ ಎತ್ತೂಣು.”

ಹೇಳಲು ಸುಲಭ. ಆದರೆ ಊರನ್ನೇ ಒಂದು ತೂಕದ ಕಲ್ಲು ಮಾಡಿಕೊಂಡರೆ ಊರುಗಳು ಹೆಚ್ಚು ಬೇಕು, ಸಮಯ ಹೆಚ್ಚು ಬೇಕು. ಒಂದು ಊರಿನವರು ಒಂದೇ ಅಕ್ಕಿ ಉಣ್ಣುತ್ತಾರೆ, ಒಂದೇ ನೀರು ಕುಡಿಯುತ್ತಾರೆ, ಅವರನ್ನು ಬೇರೆ ಬೇರೆ ಜನ ಎಂದು ಎಣಿಸಿ ಲೆಕ್ಕ ದೊಡ್ಡದು ಮಾಡಬಾರದು ಎಂದು ಮೇಡಂ ಹಟ ಹಿಡಿದರು. ನನ್ನ ಪ್ರಬಂಧದ ಗಡುವಿನೊಳಗೆ ಇದು ಮುಗಿಯುವ ಮಾತೇ ಇರಲಿಲ್ಲ. ಕೊನೆಗೆ ಪಾರ್ವತಿಯ ಊರಿನ ಪರೀಕ್ಷೆಯನ್ನೂ ಹೊಸ ವಿನ್ಯಾಸವನ್ನೂ ಬರೆದು ಪಾಸಾದೆ, ಅದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿ ಉಳಿದದ್ದನ್ನು ನಡೆಸಿದೆ.

ಚೀಟಿ ಎತ್ತಿದ್ದು ಖಾನಾಪುರದ ಆರೋಗ್ಯ ಕೇಂದ್ರದ ವರಾಂಡದಲ್ಲಿ, ಎಲ್ಲರ ಕಣ್ಣ ಮುಂದೆ. ಪ್ರತಿ ಊರಿನಿಂದ ಆಶಾ ಕಾರ್ಯಕರ್ತೆಯರು ಬಂದಿದ್ದರು. ಅವರಲ್ಲೊಬ್ಬಳು ನೇರವಾಗಿ ಕೇಳಿದಳು, “ಉಂಡಿ ಇಲ್ಲದ ಊರಿನ ಹೆಣ್ಣಮಕ್ಕಳು ಏನ ಪಾಪ ಮಾಡ್ಯಾರ್ರಿ ಬಾಯಾರ?”

ಮೇಡಂ ಎದ್ದು ನಿಂತು ಉತ್ತರಿಸಿದರು. “ಉಂಡಿಯಿಂದ ರಕ್ತ ಏರತೈತಿ ಅಂತ ನನಗ ಗೊತ್ತಿದ್ರ ಈ ಚೀಟಿ ಎತ್ತೂದ ಪಾಪ ಆಗತಿತ್ತವಾ. ನನಗ ಹಂಗ ಅನಸತೈತಿ, ಖರೇ. ಅನಸೂದು ಬ್ಯಾರೆ, ಗೊತ್ತಿರೂದು ಬ್ಯಾರೆ. ಗುಳಿಗಿದು ಗೊತ್ತೈತಿ, ಅದಕ್ಕ ಗುಳಿಗಿ ಎಲ್ಲಾ ಊರಿಗೂ ಐತಿ.”

ಚೀಟಿಗಳು ಒಂದೊಂದಾಗಿ ಹೊರಬಂದವು. ಮೇಡಂ ಅವರ ತಾಯಿಯ ಊರು, ಈ ಉಂಡಿ ಹುಟ್ಟಿದ ಊರು, ಉಂಡಿ ಇಲ್ಲದ ಕಡೆಗೆ ಬಿತ್ತು.

ನಾನು ಅವರ ಕಿವಿಯ ಬಳಿ ಬಾಗಿ, “ಮೇಡಂ, ಇನ್ನೊಮ್ಮೆ ಎತ್ತೂಣೇನ್ರಿ? ಈ ಊರಿಗೆ ರಸ್ತಾ ಸರಿ ಇಲ್ಲ ಅಂತ ಕಾರಣ ಬರದ್ರ ನಡೀತೈತಿ,” ಎಂದೆ.

“ಬೇಕಾದ್ದು ಬರೂತನಕಾ ಎತ್ತಕೋತ ಹೋದ್ರ ಅದಕ್ಕ ಚೀಟಿ ಅನ್ನೂದಿಲ್ಲ,” ಎಂದು ಮೇಡಂ ಮುಂದಿನ ಚೀಟಿಗೆ ಕೈ ತೋರಿಸಿದರು.

ಆ ಊರಲ್ಲಿ ಅವರ ತಾಯಿಯ ತಂಗಿ ಇನ್ನೂ ಇದ್ದರು. ನಾವು ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಆ ಖಾಲಾ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು. “ಏ ಶಮ್ಮೂ, ನಮ್ಮ ಆಪಾ, ನಿಮ್ಮ ಅಮ್ಮಿ, ಕಟ್ಟತಿದ್ದ ಉಂಡಿ ಬಾಜೂ ಊರಾಗ ತಿಂತಾರ, ನಮ್ಮೂರಿಗೆ ಬರೀ ಸೂಜಿ ತೊಗೊಂಡ ಬಂದೀಯಲ್ಲ. ನಾಚಿಕಿ ಬರತೈತೋ ಇಲ್ಲೋ?” ಮೇಡಂ ತಲೆ ತಗ್ಗಿಸಿ, “ಬರತೈತಿ ಖಾಲಾ,” ಎಂದು ಸೂಜಿಯ ಪೆಟ್ಟಿಗೆ ತೆರೆಯುತ್ತಿದ್ದರು. ಕಾಲೇಜಿನಲ್ಲಿ ಡೀನ್ ಅವರಿಗೂ ಎದುರು ಮಾತಾಡುವ ಹೆಂಗಸು ಆ ಹೊಸ್ತಿಲಲ್ಲಿ ಬೈಸಿಕೊಂಡು ನಿಲ್ಲುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ಅಭ್ಯಾಸ ಮುಗಿಯುವವರೆಗೂ ಅವರು ಆ ಊರಿಗೆ ಒಂದು ಉಂಡಿಯನ್ನೂ ಒಯ್ಯಲಿಲ್ಲ. ಖಾಲಾ ಅವರ ಸೊಸೆ ಬಸುರಿಯಾಗಿದ್ದಳು, ಅವಳಿಗೂ ಇಲ್ಲ.

ಲೆಕ್ಕ ಮಾಡುವವರಿಗೆ ಯಾವ ಊರು ಯಾವ ಗುಂಪಿನದು ಎಂಬುದು ಗೊತ್ತಿರಬಾರದೆಂದು ಮೇಡಂ ಮೊದಲೇ ಏರ್ಪಾಡು ಮಾಡಿದ್ದರು. ಫಲಿತಾಂಶ ಬಂದ ದಿನ ಅವರ ನಿವೃತ್ತಿಗೆ ಸ್ವಲ್ಪವೇ ಸಮಯವಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಡೇಸೋಪು ಬಾಯಿಗೆ ಹಾಕಿಕೊಳ್ಳುತ್ತಿದ್ದ ಮೇಡಂ ಮುಂದೆ ನಾನು ಕಂಪ್ಯೂಟರ್ ತಿರುಗಿಸಿ ಇಟ್ಟೆ.

ಎರಡೂ ಬಗೆಯ ಊರುಗಳಲ್ಲಿ ರಕ್ತ ಒಂದೇ ಹಾಗೆ ಏರಿತ್ತು. ಉಂಡಿ ತಿಂದ ಊರು ಯಾವುದು, ತಿನ್ನದ ಊರು ಯಾವುದು ಎಂದು ಗುರುತಿಸಲಾಗದಷ್ಟು ಸರಿಸಮ. ವ್ಯತ್ಯಾಸವಿದ್ದರೆ ಕಾಣಲೇಬೇಕು ಎಂದು ಊರುಗಳನ್ನು ಹೆಚ್ಚಿಸಿದ್ದವರು ಅವರೇ. ಅವರು ಬಹಳ ಹೊತ್ತು ನೋಡಿದರು. ನನಗೆ ಅಳು ಬಂದಿತ್ತು.

“ಮೇಡಂ, ಉಂಡಿ ಪೂರಾ ತಿಂದವ್ರನ್ನಷ್ಟ ಬ್ಯಾರೆ ತಗದ ನೋಡಿದ್ರ ಒಂಚೂರು ಜಾಸ್ತಿ ಏರೇತ್ರಿ,” ಎಂದೆ. ನಾನು ಆ ಮಾತನ್ನು ಬೆಳಿಗ್ಗೆಯಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ.

“ಪೂರಾ ಉಂಡಿ ತಿನ್ನಾಕಿ ಪೂರಾ ಗುಳಿಗೀನೂ ನುಂಗಿರತಾಳ ಗೀತಾ. ಅದು ಉಂಡಿ ಗುಣ ಅಲ್ಲ, ಆಕೀ ಗುಣ. ಚೀಟಿ ಎತ್ತಿದ್ದ ಯಾಕ ಮತ್ತ?” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾರ ನಮ್ಮ ಉಂಡಿಲೆ ರಕ್ತ ಏರೂದಿಲ್ಲ. ಅಭ್ಯಾಸ ಬರೋಬರಿ ಮಾಡೀದಿ. ಶಾಬಾಶ್.”

ಅವರಿಂದ ನನಗೆ ಸಿಕ್ಕ ಒಂದೇ ಶಾಬಾಶ್ ಅದು. ತಗೊಳ್ಳಲು ಮನಸ್ಸೇ ಬರಲಿಲ್ಲ.

ಉದ್ಯಮಬಾಗದ ಸಾಹೇಬರಿಗೆ ಸುದ್ದಿ ಹೇಳಲು ಮೇಡಂ ತಾವೇ ಹೋದರು, ನನ್ನನ್ನೂ ಕರೆದುಕೊಂಡು. ಸಾಹೇಬರು ಮೃದುವಾಗಿಯೇ ಹೇಳಿದರು, “ತಿಂದ್ರ ಕೆಟ್ಟಂತೂ ಆಗೂದಿಲ್ಲಲ್ರಿ? ಹಂಚೂಣು ಬಿಡ್ರಿ. ಯಾರ ಕೇಳತಾರ?”

“ಅಗದಿ ಹಂಚ್ರಿ. ಹಸದ ಹೊಟ್ಟಿಗೆ ಚಲೋನ. ಆದ್ರ ರಕ್ತ ಏರತೈತಿ ಅಂತ ಬೋರ್ಡ್ ಮಾತ್ರ ಹಾಕಬ್ಯಾಡ್ರಿ.” ಬೋರ್ಡ್ ಇಲ್ಲದ ಉಂಡಿಯಲ್ಲಿ ಸಾಹೇಬರಿಗೆ ಆಸಕ್ತಿ ಉಳಿಯಲಿಲ್ಲ. ಮೇಡಂ ವರ್ಷಗಟ್ಟಲೆ ಕಂಡ ಕನಸು ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು.

ಆಮೇಲೆ ಅವರು ಇನ್ನೊಂದು ಹಟ ಹಿಡಿದರು. ಲೇಖನ ಬರೆಯುವ ಮೊದಲು ಊರುಗಳಿಗೆ ಹೋಗಿ ಹೆಣ್ಣುಮಕ್ಕಳಿಗೇ ಹೇಳಬೇಕು ಎಂದು. ಊರೂರು ಸುತ್ತಿ, ಕೊನೆಗೆ ಮೇಡಂ ತಾಯಿಯ ಊರಿಗೆ ಬಂದೆವು. ಅಂಗನವಾಡಿಯ ಮುಂದೆ ಹೆಂಗಸರು ಸೇರಿದ್ದರು, ಮುಂದಿನ ಸಾಲಿನಲ್ಲಿ ಖಾಲಾ. ಮೇಡಂ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದರು. “ನಮ್ಮ ಉಂಡಿಲೆ ರಕ್ತ ಏರತೈತಿ ಅಂತ ನಾ ತಿಳಕೊಂಡಿದ್ದೆ. ಏರೂದಿಲ್ಲ. ನಿಮಗ ಉಂಡಿ ಕೊಡಲಾರದ್ದಕ್ಕ ನಿಮಗ ನುಕಸಾನ ಆಗಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ, ಅದು ಕೆಲಸ ಮಾಡತೈತಿ.”

ಖಾಲಾ ಗಂಟಲು ಸರಿಮಾಡಿಕೊಂಡರು. “ಅಂದ್ರ ನಮ್ಮ ಆಪಾ ಸುಳ್ಳ ಹೇಳತಿದ್ಲೇನ ಶಮ್ಮೂ?”

ಮೇಡಂ ಮುಖ ಒಮ್ಮೆ ಕೆಂಪಾಯಿತು. “ಅಮ್ಮಿ ಸುಳ್ಳ ಹೇಳಲಿಲ್ಲ ಖಾಲಾ. ಆಕೀಗೂ ಹಂಗ ಅನಸಿತ್ತು. ನನಗೂ ಅನಸಿತ್ತು.”

ಖಾಲಾ ಎದ್ದು ಮನೆಗೆ ಹೋಗಿಬಿಟ್ಟರು. ವಾಪಸು ಬರುವಾಗ ಜೀಪಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬೆಳಗಾವಿ ಸಮೀಪದ ಮಚ್ಛೆ ದಾಟಿದ ಮೇಲೆ, ನಾನು ಕೇಳದೆಯೇ ಹೇಳಿದರು, “ನನಗ ಭಾಳ ಕೆಟ್ಟ ಅನಸೇತಿ ಗೀತಾ. ಅಮ್ಮೀನ ನನ್ನ ಕೈಲೆ ನಾನ ಕೆಳಗ ಇಳಿಸಿದಂಗ ಆತು.” ನಾನು ಅವರ ಕೈ ಹಿಡಿದುಕೊಂಡೆ, ಊರು ಬರುವವರೆಗೂ ಬಿಡಲಿಲ್ಲ.

ಅವರು ನಿವೃತ್ತರಾದ ಮರುವರ್ಷ ನಾನು ಬಸುರಿಯಾದೆ. ಹೆರಿಗೆಗೆಂದು ಹಿಂದವಾಡಿಯ ತವರಿನಲ್ಲಿದ್ದಾಗ ಒಂದು ಬೆಳಿಗ್ಗೆ ಮೇಡಂ ಡಬ್ಬಿ ಹಿಡಿದುಕೊಂಡು ಬಂದರು. ಮೈ ಸ್ವಲ್ಪ ಇಳಿದಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೇಳಿದರೆ, “ವಯಸ್ಸಾತು, ಮತ್ತೇನ?” ಎಂದು ಮಾತು ಹಾರಿಸಿದರು. ನನ್ನ ರಕ್ತದ ವರದಿ ಇಸಿದುಕೊಂಡು ಓದಿ, ಕಡಿಮೆ ಇದೆ ಎಂದು ಗದರಿ, ಗುಳಿಗೆ ತಪ್ಪಿಸುತ್ತಿದ್ದೇನೆಂದು ನನ್ನ ಬಾಯಿಂದಲೇ ಹೇಳಿಸಿದರು. ಆಮೇಲೆ ಡಬ್ಬಿ ತೆರೆದು ಒಂದು ಉಂಡಿ ನನ್ನ ಕೈಗೆ ಕೊಟ್ಟರು.

ನನ್ನ ಅವ್ವನಿಗೆ ಅಭ್ಯಾಸದ ಕಥೆಯೊಂದೂ ಗೊತ್ತಿರಲಿಲ್ಲ. ಮೇಡಂ ಕೈಯ ಉಂಡಿ ಎಂದು ಆಕೆಗೆ ಹಿಗ್ಗು. “ನೀವ ತಂದೀರಂದ್ರ ಮುಗೀತ್ರಿ ಬಾಯಾರ. ಇದನ್ನ ತಿಂದ್ರ ಈಕೀಗೆ ರಕ್ತ ಆಗತೈತಿ, ಹೌದಲ್ರಿ?”

ಹೌದು ಎಂದಿದ್ದರೆ ಏನೂ ಕೊಳ್ಳೆ ಹೋಗುತ್ತಿರಲಿಲ್ಲ. ಹಿರಿಯ ಹೆಂಗಸಿನ ಸಂತೋಷಕ್ಕೆ ಒಂದು ಮಾತು. ನಾನು ಮೇಡಂ ಮುಖ ನೋಡಿದೆ, ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಇಲ್ರಿ ಅಕ್ಕಾರ, ಆಗೂದಿಲ್ಲ,” ಎಂದರು ಮೇಡಂ, ನಗುತ್ತ. “ರಕ್ತಕ್ಕ ಗುಳಿಗಿ ಕೊಡ್ರಿ. ಇದು ನಮ್ಮ ಅಮ್ಮಿ ಉಂಡಿ, ರುಚಿ ಇರತೈತಿ. ನೀವೂ ಒಂದ ತೊಗೋರಿ.”

ಅದೇ ಕೊನೆಯ ಭೇಟಿ. ನನ್ನ ಮಗಳು ಹುಟ್ಟುವ ಮೊದಲೇ, ಪೇಟೆಯ ಹಳೆಯ ಗಲ್ಲಿಯ ಅವರ ಮನೆಯಲ್ಲಿ, ಬೆಳಗಿನ ನಮಾಜಿಗೆಂದು ಎದ್ದವರು ಎದೆ ನೋವೆಂದು ಮಲಗಿ ಮತ್ತೆ ಏಳಲಿಲ್ಲ. ನನಗೆ ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರು. ಹಿಂದವಾಡಿಯಿಂದ ಪೇಟೆಗೆ ಅದೆಂಥ ಪ್ರಯಾಣ! ಆದರೂ ಮನೆಯವರು ಬಿಡಲಿಲ್ಲ, ನಾನು ಅವರನ್ನು ಕೊನೆಯ ಸಲ ನೋಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈಗ ನಮ್ಮ ಮನೆಯಲ್ಲಿ ಆ ಉಂಡಿ ನಾನೇ ಕಟ್ಟುತ್ತೇನೆ. ವಿಭಾಗದ ಹುಡುಗಿಯರಿಗೆ, ನೆರೆಹೊರೆಯ ಬಸುರಿಯರಿಗೆ ಕೊಡುತ್ತೇನೆ. ಬಹಳ ಚೆನ್ನಾಗಿದೆ ಎನ್ನುತ್ತಾರೆ, ಆಮೇಲೆ ಎಲ್ಲರೂ ತಪ್ಪದೆ ಅದೇ ಕೇಳುತ್ತಾರೆ, ಇದರಿಂದ ರಕ್ತ ಆಗುತ್ತದಲ್ಲವೇ ಎಂದು. ಇಲ್ಲ, ಆಗುವುದಿಲ್ಲ ಎನ್ನುತ್ತೇನೆ. ಹಾಗೆ ಹೇಳುವಾಗಲೆಲ್ಲ ಮೇಡಂ ಪರವಾಗಿ ನನಗೆ ಸಂಕಟವಾಗುತ್ತದೆ. ಆದರೂ ಹೇಳುತ್ತೇನೆ.